ಒಂದು ಹಿಡಿ ಹಿಟ್ಟಿನ ಬಗ್ಗೆ ನಾನು ಬರೆದ ವರದಿ

೧೯೮೬ರ ಜೂನ್ ಕೊನೆಯ ವಾರದಲ್ಲಿ ನಾನು ಫೀಲ್ಡ್ ಆಫೀಸರ್ ಆಗಿ ಬೆಳಗಾವಿಗೆ ಬಂದಿಳಿದೆ. ಆಗ ನನಗೆ ಮೂವತ್ನಾಲ್ಕು ವರ್ಷ. ಯುರೋಪಿನ ಒಂದು ಪರಿಹಾರ ಸಂಸ್ಥೆಯಲ್ಲಿ ನೌಕರಿ. ಸಂಸ್ಥೆಯ ಭಾರತದ ಕಚೇರಿ ಮುಂಬಯಿಯಲ್ಲಿತ್ತು. ಫೀಲ್ಡ್ ಆಫೀಸರ್ ಎಂದರೆ ಕೇಳುವುದಕ್ಕೆ ಠೀವಿ. ಕೆಲಸ ಮಾತ್ರ ಗೋಧಿ ಚೀಲ ಎಣಿಸುವುದು, ಜೀಪಿನಲ್ಲಿ ಧೂಳು ಕುಡಿಯುವುದು, ಸಂಜೆ ಟೈಪ್‌ರೈಟರಿನ ಮುಂದೆ ಕೂತು ವರದಿ ಕುಟ್ಟುವುದು. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ನಿವೃತ್ತಳಾದೆ. ಅಷ್ಟು ವರ್ಷಗಳಲ್ಲಿ ನಾನು ಬರೆದ ಸಾವಿರಾರು ಪುಟಗಳ ಪೈಕಿ ಎರಡೇ ಎರಡು ಪುಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವನ್ನು ಬರೆದದ್ದು ಖಾನಾಪುರದಲ್ಲಿ.

ಆ ವರ್ಷ ಬೆಳಗಾವಿಯಲ್ಲಿ ಭಾಷೆಯ ಗಲಾಟೆ ಜೋರಾಗಿತ್ತು. ಕರ್ಫ್ಯೂ ಹಾಕುವುದು, ತೆಗೆಯುವುದು ನಡೆದೇ ಇತ್ತು. ಬಸ್ಸುಗಳ ಮೇಲೆ ಕಲ್ಲು ಬಿದ್ದು ಖಾನಾಪುರದ ಕಡೆಯ ಓಡಾಟ ನಿಂತುಹೋಗಿತ್ತು. ಆ ರಸ್ತೆಯಲ್ಲೇ ಇರುವ ಉದ್ಯಮಬಾಗ, ಮಚ್ಛೆಯ ಸಣ್ಣ ಕಾರ್ಖಾನೆಗಳಿಗೆ ಖಾನಾಪುರ ತಾಲೂಕಿನಿಂದ ನೂರಾರು ಮಂದಿ ದಿನಗೂಲಿಗೆ ಬರುತ್ತಿದ್ದರು. ಬಸ್ಸಿಲ್ಲದೆ ಅವರು ಬರಲಾಗಲಿಲ್ಲ, ಅವರು ಬರದೆ ಫೌಂಡ್ರಿಗಳ ಕುಲುಮೆ ಹೊತ್ತಲಿಲ್ಲ. ವಾರದ ಕೂಲಿಯಲ್ಲಿ ವಾರದ ಸಂತೆ ಮಾಡುವ ಮನೆಗಳಲ್ಲಿ ಎರಡನೇ ವಾರಕ್ಕೇ ಒಲೆ ತಣ್ಣಗಾಗತೊಡಗಿತು. ಅಂಥ ಇನ್ನೂರ ಹದಿನಾರು ಮನೆಗಳಿಗೆ ಹದಿನೈದು ದಿನಕ್ಕೊಮ್ಮೆ ಹತ್ತು ಕಿಲೋ ಗೋಧಿ, ಒಂದು ಕಿಲೋ ಹಾಲಿನ ಪುಡಿ ಮುಟ್ಟಿಸುವುದು ನನಗೆ ಒಪ್ಪಿಸಿದ ಕೆಲಸ.

ನಾನು ತುಮಕೂರಿನವಳು. ಮರಾಠಿ ಒಂದಕ್ಷರ ಬಾರದು. ಕನ್ನಡ ಬರುತ್ತದೆ ಎಂಬ ಜಂಬವೂ ಮೊದಲ ದಿನವೇ ಇಳಿಯಿತು. ನಾನು ಬಾಡಿಗೆಗೆ ಹಿಡಿದ ಕೋಣೆಯ ಮನೆಯೊಡತಿ ನನ್ನ ಮಾತು ಕೇಳಿ, "ನೀವು ರೇಡಿಯೋದಾಗಿನ ಮಂದಿ ಮಾತಾಡಿದಂಗ ಮಾತಾಡ್ತೀರಲ್ರೀ" ಎಂದು ನಕ್ಕರು. ಆ ದಿನಗಳಲ್ಲಿ ಬಸ್ಸು ಹೊರಟರೂ ಒಳಗೆ ಯಾರೂ ಮಾತಾಡುತ್ತಿರಲಿಲ್ಲ. ಬಾಯಿ ಬಿಟ್ಟರೆ ಯಾವ ಕಡೆಯವರೆಂದು ಗೊತ್ತಾಗುತ್ತದಲ್ಲ, ಟಿಕೆಟ್ ಕೇಳುವವರೂ ಊರಿನ ಹೆಸರನ್ನು ಪಿಸುಗುಟ್ಟುತ್ತಿದ್ದರು. ಎರಡೂ ಭಾಷೆಯನ್ನು ಒಂದೇ ಉಸಿರಿನಲ್ಲಿ ಆಡಿ ಬೆಳೆದ ಜನಕ್ಕೇ ಹೀಗಾದರೆ ನನ್ನ ಪಾಡೇನು? ಇಡೀ ದಿನ ಗೋಧಿ, ಜೀಪು, ಸಹಿ ಎಂಬ ಮೂರು ಶಬ್ದಗಳಲ್ಲೇ ಕಳೆದು ಸಂಜೆ ಕೋಣೆಗೆ ಬಂದರೆ ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸುತ್ತಿತ್ತು. ಒಂಟಿತನ ಎಂದರೆ ಏನೆಂದು ನನಗೆ ಗೊತ್ತಾದದ್ದು ಅಲ್ಲಿ.

ನಮ್ಮ ಸಂಸ್ಥೆಯ ಪದ್ಧತಿಯಲ್ಲಿ 'ಲೋಕಲ್ ಪಾರ್ಟ್ನರ್' ಎಂಬುದೊಂದಿತ್ತು. ಹೊರಗಿನವರು ಹೋಗಲಾಗದ ಓಣಿಗಳಿಗೆ ಸಾಮಾನು ಮುಟ್ಟಿಸುವ ಊರಿನದೇ ಸಂಘ ಎಂದು ಅದರರ್ಥ. ನಾನು ಹುಡುಕಿದ ನಾಲ್ಕು ಸಂಘಗಳು ಯಾವುದಾದರೊಂದು ಕಡೆಗೆ ವಾಲಿದವು. ಕನ್ನಡದವರ ಸಂಘದವರು ಮರಾಠಿ ಓಣಿಗೆ ಕಾಲಿಡಲಾರರು, ಮರಾಠಿಯವರ ಸಂಘದವರು ಕನ್ನಡ ಓಣಿಗೆ ಬರಲಾರರು. ಕೊನೆಗೆ ನಮ್ಮ ಡ್ರೈವರ್ ಇಮಾಮಸಾಬ, "ಪಾರಿಶ್ವಾಡದಾಗ ನೀಲವ್ವ ಅಂತ ಒಬ್ಬಾಕಿ ಅದಾಳ್ರೀ. ಆಕಿ ಗಡಿಗಿ ಹಿಡಕೊಂಡ ಬಂದ್ರ ಯಾವ ಓಣ್ಯಾಗೂ ಯಾರೂ ಬಾಗಿಲಾ ಹಾಕಾಂಗಿಲ್ಲ" ಎಂದ.

ಪಾರಿಶ್ವಾಡ ಖಾನಾಪುರ ತಾಲೂಕಿನದೇ ಒಂದು ಹಳ್ಳಿ. ನೀಲವ್ವನಿಗೆ ಐವತ್ತು ದಾಟಿತ್ತು. ಗಂಡ ತೀರಿಹೋಗಿ ಹತ್ತು ವರ್ಷವಾಗಿತ್ತು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಎರಡು ಎಕರೆ ಜೋಳದ ಹೊಲ. ಮೊದಲ ಸಲ ಹೋದಾಗ "ಬರ್ರಿ, ಕುಂದರ್ರಿ, ಚಾ ಕುಡೀರಿ" ಎಂದರು. ಫಲಾನುಭವಿಗಳ ಊರಿನಲ್ಲಿ ಏನನ್ನೂ ತೆಗೆದುಕೊಳ್ಳಬಾರದೆಂಬುದು ನಮ್ಮ ನಿಯಮ. ನಾನು ಬೇಡವೆಂದೆ. "ನೀರರ ಕುಡೀತೀರೋ, ಅದಕ್ಕೂ ಸರ್ಕಾರದ ಅಪ್ಪಣಿ ಬೇಕೋ?" ಎಂದು ಕೇಳಿ ತಾವೇ ನಕ್ಕರು. ಬೆಳಗಾವಿಗೆ ಬಂದ ಮೇಲೆ ನನ್ನನ್ನು ಹೀಗೆ ಸಲಿಗೆಯಿಂದ ಛೇಡಿಸಿದವರು ಅವರೊಬ್ಬರೇ. ಅಷ್ಟಕ್ಕೇ ನನಗೆ ಅವರು ಹತ್ತಿರವೆನಿಸಿದರು.

ಅವರ ಸಂಘಕ್ಕೆ ಹೆಸರಿರಲಿಲ್ಲ, ನೋಂದಣಿ ಇರಲಿಲ್ಲ. ಇದ್ದದ್ದು ಒಂದು ರೂಢಿ. ರೊಟ್ಟಿಗೆ ಹಿಟ್ಟು ನಾದುವ ಮುಂಚೆ ಪ್ರತಿ ಮನೆಯ ಹೆಂಗಸು ಒಂದು ಹಿಡಿ ಹಿಟ್ಟನ್ನು ಒಲೆಯ ಪಕ್ಕದ ಸಣ್ಣ ಗಡಿಗೆಗೆ ಹಾಕುತ್ತಾಳೆ. ಸೋಮವಾರ ನೀಲವ್ವ ಮತ್ತು ಹನ್ನೊಂದು ಮಂದಿ ಹೆಂಗಸರು ಮನೆಮನೆಗೆ ಹೋಗಿ ಅದನ್ನು ಒಟ್ಟುಮಾಡುತ್ತಾರೆ. ಬಾಣಂತಿ ಇರುವ ಮನೆಗೆ, ಬೇನೆ ಬಿದ್ದ ಮನೆಗೆ, ಸಾವಾದ ಮನೆಗೆ ಅದು ಹೋಗುತ್ತದೆ. ಲಿಂಗಾಯತರ ಹಿಟ್ಟು, ಜೈನರ ಹಿಟ್ಟು, ಮರಾಠಿ ಮನೆಯ ಹಿಟ್ಟು ಎಲ್ಲವೂ ಒಂದೇ ದೊಡ್ಡ ಡಬ್ಬಿಯಲ್ಲಿ ಬೆರೆತಿರುವುದರಿಂದ ಯಾರದ್ದು ಯಾರಿಗೆ ಹೋಯಿತೆಂದು ಕೇಳುವ ಹಾಗೇ ಇಲ್ಲ. ಪಾರಿಶ್ವಾಡದಲ್ಲಿ ಶುರುವಾದ ಈ ರೂಢಿ ಹೆಣ್ಣುಮಕ್ಕಳು ಗಂಡನ ಮನೆಗೆ ಹೋದ ಹಾಗೆ ಆಚೀಚೆಯ ಊರಿಗೂ, ಖಾನಾಪುರದ ಒಂದೆರಡು ಓಣಿಗೂ ಹಬ್ಬಿತ್ತು.

ಜುಲೈ ಮೊದಲ ವಾರದಿಂದ ನೀಲವ್ವನ ಹೆಂಗಸರು ನಮ್ಮ ಗೋಧಿ ಹಂಚತೊಡಗಿದರು. ಉದ್ಯಮಬಾಗದಲ್ಲಿ ಬಾಗಿಲು ಹಾಕಿದ್ದ ಒಂದು ಫೌಂಡ್ರಿಯ ಶೆಡ್ಡು ನಮ್ಮ ಗೋದಾಮು. ಅಲ್ಲಿಂದ ಜೀಪು ಪಾರಿಶ್ವಾಡದ ತನಕ ಹೋಗುತ್ತಿತ್ತು, ಮುಂದೆ ತಲೆಯ ಮೇಲೆ ಅವರೇ ಹೊರುತ್ತಿದ್ದರು. ಮೂರು ಸಲದ ಹಂಚಿಕೆಯಲ್ಲಿ ಒಂದು ಚೀಲವೂ ಹೆಚ್ಚುಕಡಿಮೆಯಾಗಲಿಲ್ಲ. ಇಂಥ ಪಾರ್ಟ್ನರ್ ಸಿಗುವುದು ಪುಣ್ಯ ಎಂದು ಮುಂಬಯಿಗೆ ಬರೆದೆ.

ಆಗಸ್ಟ್ ಎರಡನೇ ವಾರ ತನಿಖೆಗೆಂದು ಖಾನಾಪುರಕ್ಕೆ ಹೋದೆ. ಸಾಮಾನು ಹಂಚಿದ ಮರುದಿನ ಹೇಳದೆ ಕೇಳದೆ ಹತ್ತು ಮನೆ ನೋಡಬೇಕೆಂಬ ನಿಯಮವಿತ್ತು. ಸುಶೀಲಾಬಾಯಿ ಎಂಬ ಮರಾಠಿ ಮನೆಯಾಕೆ ಆಗಷ್ಟೇ ಗಿರಣಿಯಿಂದ ನಮ್ಮ ಗೋಧಿ ಬೀಸಿಸಿಕೊಂಡು ಬಂದಿದ್ದರು. ಗಂಡ ಉದ್ಯಮಬಾಗದ ಫೌಂಡ್ರಿಯಲ್ಲಿ ಅಚ್ಚು ಕಟ್ಟುವವ, ಆರು ವಾರದಿಂದ ಮನೆಯಲ್ಲಿದ್ದ. ಆಕೆ ಡಬ್ಬಿಯ ಮುಚ್ಚಳ ತೆಗೆದವರೇ ಮೊದಲ ಒಂದು ಹಿಡಿಯನ್ನು ತೆಗೆದು ಪಕ್ಕದ ಗಡಿಗೆಗೆ ಹಾಕಿದರು.

"ಅದು ಯಾರಿಗೆ?" ಎಂದೆ.

"ನೀಲವ್ವಾರ ಬರ್ತಾರಲ್ರೀ, ಅವರಿಗಿ. ಪಾರಿಶ್ವಾಡದಾಗ ಒಬ್ಬಾಕಿ ಬಾಣಂತಿ ಅದಾಳಂತ. ಖರೇ ಅಂದ್ರ ಆಕಿಗೂ ಬಾಳ ತ್ರಾಸ ಐತಿ."

ನಾನು ಪಟ್ಟಿ ತೆಗೆದು ನೋಡಿದೆ. ಆ ಬಾಣಂತಿಯ ಹೆಸರು ಅದರಲ್ಲಿರಲಿಲ್ಲ. ಗಂಡ ಕಾರ್ಖಾನೆಯವನಲ್ಲ, ಕಂಡವರ ಹೊಲದಲ್ಲಿ ದುಡಿಯುವವ. ನಮ್ಮ ಪರಿಹಾರ ಕಾರ್ಖಾನೆ ಕೂಲಿಗಳಿಗೆ ಮಾತ್ರ. ಆ ದಿನ ಹತ್ತು ಮನೆ ನೋಡಬೇಕಾದವಳು ಮೂವತ್ತು ನೋಡಿದೆ. ಇಪ್ಪತ್ತಾರು ಮನೆಗಳಲ್ಲಿ ಗಡಿಗೆ ಇತ್ತು, ಗಡಿಗೆಯಲ್ಲಿ ನಮ್ಮ ಗೋಧಿಯ ಹಿಟ್ಟಿತ್ತು.

ನಮ್ಮ ಕೆಲಸದಲ್ಲಿ ಇದಕ್ಕೆ 'ಡೈವರ್ಷನ್' ಎನ್ನುತ್ತಾರೆ. ಒಬ್ಬರಿಗೆಂದು ಕೊಟ್ಟ ಪರಿಹಾರ ಇನ್ನೊಬ್ಬರ ಪಾಲಾಗುವುದು ಎಂದರ್ಥ. ಅದಕ್ಕಿಂತ ದೊಡ್ಡ ತಪ್ಪು ನಮ್ಮ ಪುಸ್ತಕದಲ್ಲಿ ಇರಲಿಲ್ಲ. ಅದಕ್ಕೆ ಮೊದಲು ಬೇರೊಂದು ರಾಜ್ಯದ ನೆರೆ ಶಿಬಿರದಲ್ಲಿ ನಾನು ಹಂಚಿದ ಗೋಧಿಯನ್ನು ಅಲ್ಲಿನ ಪುಂಡನೊಬ್ಬ ಮನೆಗಿಷ್ಟೆಂದು ಕಸಿದು ಸಂತೆಯಲ್ಲಿ ಮಾರಿದ್ದ. ನನಗೆ ಗೊತ್ತಾಗುವಷ್ಟರಲ್ಲಿ ತಿಂಗಳಾಗಿತ್ತು. ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ನಾನು ಊದಲೂ ಇಲ್ಲ, ನೇರವಾಗಿ ಪಾರಿಶ್ವಾಡಕ್ಕೆ ಹೋಗಿ ನೀಲವ್ವನ ಅಂಗಳದಲ್ಲಿ ನಿಂತು ದನಿ ಏರಿಸಿದೆ.

"ಕೊಟ್ಟಿದ್ದರಲ್ಲೇ ವಾಪಸ್ ಇಸಿದುಕೊಳ್ಳುತ್ತೀರಲ್ಲ, ನಿಮಗೆ ಮನಸ್ಸಾದರೂ ಹೇಗೆ ಬಂತು?"

ನೀಲವ್ವ ಗಾಬರಿಯಾಗಲಿಲ್ಲ. ನಾನು ಏನೋ ತಿಳಿಯದೆ ಕೇಳುತ್ತಿದ್ದೇನೆ ಎಂಬಂತೆ ನೋಡಿದರು. "ನಾ ಇಸ್ಕೊಳ್ಳೂದಲ್ರೀ ಬಾಯಾರ, ಅವರಽ ಹಾಕ್ತಾರ. ಇಸ್ಕೊಂಡಾಕಿ ಮರುದಿನಾ ಒಂದ ಹಿಡಿ ತಗದ ಇಡಬೇಕು. ಇಲ್ಲಂದ್ರ ಆಕಿ ಇಸ್ಕೊಂಡಾಕಿ ಅಂತಽ ಉಳೀತಾಳ. ನಾಳಿ ನನ್ನ ಮುಂದ ತೆಲಿ ಎತ್ತಿ ಹೆಂಗ ನಿಲ್ಲಬೇಕು?"

"ನಮ್ಮ ಗೋಧಿಯಿಂದಲೂ ಹಾಕುತ್ತಾರೆಂದು ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳೂದೇನೈತ್ರೀ ಇದರಾಗ? ಎಲ್ಲಾ ಮನ್ಯಾಗೂ ಮಾಡ್ತಾರ. ನಿಮ್ಮ ಕಡೆ ಮಾಡಾಂಗಿಲ್ಲೇನು?"

ಆ ಮಾತು ಅರ್ಥವಾಗದಷ್ಟು ದಡ್ಡಿಯೇನೂ ನಾನಾಗಿರಲಿಲ್ಲ. ಸಿಟ್ಟಿನಲ್ಲಿದ್ದೆ, ಅಷ್ಟೆ. ನಾನು ಮೋಸಹೋದೆ, ಇದ್ದ ಒಬ್ಬ ಗೆಳತಿಯೂ ನನ್ನಿಂದ ಮುಚ್ಚಿಟ್ಟಳು ಎಂಬ ಸಿಟ್ಟು. ಖಾನಾಪುರದ ಪ್ರವಾಸಿ ಮಂದಿರದಲ್ಲಿ ಆ ಸಂಜೆಯೇ ಕೂತು ಎರಡು ಪುಟ ಬರೆದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: "ಇಂದು ಒಂದು ಹಿಡಿಯನ್ನು ಬಿಟ್ಟರೆ ನಾಳೆ ಒಂದು ಚೀಲವನ್ನು ಕೇಳುವ ಅಧಿಕಾರ ನಮಗಿರುವುದಿಲ್ಲ." ಒಳ್ಳೆಯ ವಾಕ್ಯ ಬಂತೆಂದು ಹೆಮ್ಮೆಪಟ್ಟುಕೊಂಡೆ.

ಒಂಬತ್ತನೇ ದಿನ ಮುಂಬಯಿಯಿಂದ ತಂತಿ ಬಂತು. ಪಾರ್ಟ್ನರ್ ಅನ್ನು ತಕ್ಷಣ ಕೈಬಿಡುವುದು. ಸಂಬಳದ ಎಂಟು ಮಂದಿಯನ್ನು ನೇಮಿಸಿ ಕಾರ್ಡಿನ ಮೇಲೆ ನೇರವಾಗಿ ಹಂಚುವುದು. ಪಾರದರ್ಶಕತೆಗಾಗಿ ಫಲಾನುಭವಿಗಳ ಪಟ್ಟಿಯನ್ನು ಪ್ರತಿ ಊರಿನ ಗೋಡೆಗೆ ಅಂಟಿಸುವುದು. ಪಡೆದದ್ದರಲ್ಲಿ ಯಾರಿಗೂ ಏನನ್ನೂ ಕೊಡಕೂಡದೆಂದು ಎಲ್ಲರಿಗೂ ತಿಳಿಸುವುದು.

ತಿಳಿಸಿದವಳು ನಾನೇ. ಓಣಿ ಓಣಿಗೆ ನಿಂತು ಹೇಳಿದೆ. ಹಿಡಿ ಹಿಟ್ಟು ಹಾಕುವುದು ಕಳವಿಗೆ ಸಮ, ಹಾಕಿದವರ ಕಾರ್ಡು ರದ್ದಾಗುತ್ತದೆ ಎಂದೆ. ಪಟ್ಟಿ ಅಂಟಿಸಿದ ದಿನ ಜನ ಗುಂಪುಗೂಡಿ ಓದಿದರು. ಹೆಸರಿನ ಜೊತೆ ಅಡ್ಡಹೆಸರಿತ್ತು. ಅಡ್ಡಹೆಸರು ನೋಡಿದರೆ ಯಾರು ಯಾವ ಭಾಷೆಯವರೆಂದು ಮಗುವೂ ಹೇಳುತ್ತದೆ. ನಿಮ್ಮವರು ಎಷ್ಟು, ನಮ್ಮವರು ಎಷ್ಟು ಎಂದು ಎಣಿಸುವುದು ಅಲ್ಲೇ ಗೋಡೆಯ ಮುಂದೆ ಶುರುವಾಯಿತು. ಒಂದೇ ಡಬ್ಬಿಯಲ್ಲಿ ಬೆರೆತಿದ್ದದ್ದನ್ನು ನಾನು ಜರಡಿ ಹಿಡಿದು ಬೇರೆ ಮಾಡಿಕೊಟ್ಟೆ. ಪಟ್ಟಿಯಲ್ಲಿ ಇಲ್ಲದ ಮನೆಗಳವರೂ ಗಡಿಗೆ ಮಗುಚಿಟ್ಟರು. "ಪರದೇಶದವರಽ ಕೊಡ್ತಾರಲ್ಲ, ನಾವ್ಯಾಕ ಕೊಡೂದು?" ಎಂದರಂತೆ. ಇಮಾಮಸಾಬ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದ.

ಆ ಬಾಣಂತಿಗೆ ಹಿಟ್ಟು ಹೋಗುವುದು ನಿಂತಿತು. ನೀಲವ್ವ ತಮ್ಮ ಮನೆಯ ಜೋಳವನ್ನೇ ಕೊಟ್ಟರು, ಒಂದು ತಿಂಗಳು. ಜೊತೆಗಿದ್ದ ಹನ್ನೊಂದು ಮಂದಿ ಒಬ್ಬೊಬ್ಬರಾಗಿ ಹಿಂದೆ ಸರಿದರು. ಅವರಲ್ಲಿ ಮೂವರಿಗೆ ನಾನೇ ಸಂಬಳದ ಕೆಲಸ ಕೊಟ್ಟಿದ್ದೆ. ಸೆಪ್ಟೆಂಬರಿನ ಒಂದು ಸೋಮವಾರ ಜೀಪಿನಲ್ಲಿ ಹೋಗುವಾಗ ಪಾರಿಶ್ವಾಡದ ಹೊರಗೆ ಮಳೆಯಲ್ಲಿ ನೀಲವ್ವ ಒಬ್ಬರೇ ಗಡಿಗೆ ಹೊತ್ತು ನಡೆಯುತ್ತಿದ್ದರು. ಜೀಪು ನಿಲ್ಲಿಸು ಎನ್ನುವ ಮಾತು ಬಾಯಿಯ ತನಕ ಬಂತು. ನಿಲ್ಲಿಸಿ ಏನು ಹೇಳಲಿ? ಜೀಪು ಮುಂದೆ ಹೋಯಿತು. ಆ ದಿನ ನನಗೆ ನನ್ನ ಬಗ್ಗೆಯೇ ಅಸಹ್ಯವಾಯಿತು.

ಮತ್ತೆ ವರದಿ ಬರೆದೆ, ಈ ಸಲ ಏಳು ಪುಟ. ಹಿಡಿ ಹಿಟ್ಟು ಡೈವರ್ಷನ್ ಅಲ್ಲ, ಅದೇ ಅವರ ಸಂಘ, ಅದಿಲ್ಲದಿದ್ದರೆ ಸಂಘವೇ ಇಲ್ಲ, ನಾವು ಕೊಡುವುದನ್ನು ಅವರ ಡಬ್ಬಿಗೆ ಹಾಕಿ ಸುಮ್ಮನಿದ್ದರೆ ಸಾಕಿತ್ತು ಎಂದು ಬರೆದೆ. ಅಕ್ಟೋಬರಿನಲ್ಲಿ ಮುಂಬಯಿ ಕಚೇರಿಯ ಡೈರೆಕ್ಟರ್ ಸಾಹೇಬರೇ ಬೆಳಗಾವಿಗೆ ಬಂದರು. ಕೆಟ್ಟ ಮನುಷ್ಯರಲ್ಲ. ಯುದ್ಧ ನಡೆಯುವ ದೇಶಗಳಲ್ಲಿ ಇಪ್ಪತ್ತು ವರ್ಷ ದುಡಿದು ಹಣ್ಣಾದವರು. ಉದ್ಯಮಬಾಗದ ಶೆಡ್ಡಿನಲ್ಲಿ ಚೀಲದ ಮೇಲೆ ಕೂತು ನನ್ನ ಮಾತನ್ನು ಅರ್ಧ ಗಂಟೆ ಕೇಳಿದರು. ಆಮೇಲೆ ತಮ್ಮ ಕೈಚೀಲದಿಂದ ನನ್ನ ಮೊದಲ ವರದಿ ತೆಗೆದರು. ಒಂದು ಹಿಡಿ, ಒಂದು ಚೀಲದ ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದಿದ್ದರು.

"ಇದು ಸುಳ್ಳೇ?" ಎಂದು ಕೇಳಿದರು.

ಸುಳ್ಳಲ್ಲ. ಆ ನೆರೆ ಶಿಬಿರದಲ್ಲಿ ಅದು ಅಪ್ಪಟ ಸತ್ಯವಾಗಿತ್ತು. ಖಾನಾಪುರದಲ್ಲಿ ಮಾತ್ರ ಸತ್ಯವಲ್ಲ, ಯಾಕೆಂದರೆ ಅಲ್ಲಿ ಕಸಿಯುವ ಕೈ ಇರಲಿಲ್ಲ. ಇಷ್ಟನ್ನು ಹೇಳಬೇಕಿತ್ತು. ಬಂದು ಪಾರಿಶ್ವಾಡದ ಒಂದು ಅಂಗಳದಲ್ಲಿ ಹತ್ತು ನಿಮಿಷ ಕೂತುಕೊಳ್ಳಿ ಎಂದು ಕರೆಯಬೇಕಿತ್ತು. ನನ್ನದೇ ವಾಕ್ಯ ನನ್ನ ಬಾಯಿ ಕಟ್ಟಿತು. ಅವರು ಸಂಜೆಯ ರೈಲಿಗೆ ಹೋದರು.

ನವೆಂಬರ್ ಹೊತ್ತಿಗೆ ಊರು ತಣ್ಣಗಾಗಿ ಬಸ್ಸುಗಳು ಓಡಿದವು, ಕುಲುಮೆಗಳು ಹೊತ್ತಿದವು. ತುರ್ತು ಪರಿಸ್ಥಿತಿ ಮುಗಿದಿದೆ ಎಂದು ಸಂಸ್ಥೆ ತೀರ್ಮಾನಿಸಿತು. ಶೆಡ್ಡು ಖಾಲಿ ಮಾಡಿದೆವು, ಎಂಟು ಮಂದಿಯ ಕೆಲಸ ಹೋಯಿತು. ಆದರೆ ಕಾರ್ಖಾನೆ ತೆರೆದ ಮಾತ್ರಕ್ಕೆ ಬೇನೆ ಬೀಳುವುದು, ಹೆರಿಗೆಯಾಗುವುದು ನಿಲ್ಲುತ್ತದೆಯೇ? ಅದಕ್ಕಿದ್ದ ಏರ್ಪಾಟು ಈಗ ಇರಲಿಲ್ಲ. ಡಿಸೆಂಬರಿನ ಮೊದಲ ಸೋಮವಾರ ನಾನು ಪಾರಿಶ್ವಾಡಕ್ಕೆ ಹೋಗಿ, ನಾನೂ ನಿಮ್ಮ ಜೊತೆ ಬರುತ್ತೇನೆ, ಜನರ ಹತ್ತಿರ ತಪ್ಪು ಒಪ್ಪಿಕೊಳ್ಳುತ್ತೇನೆ ಎಂದೆ. ನೀಲವ್ವ ಬೇಡವೆನ್ನಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಪಾರಿಶ್ವಾಡದ ನಲವತ್ತು ಮನೆಗಳಲ್ಲಿ ಐದು ಮನೆಯವರು ಹಿಟ್ಟು ಹಾಕಿದರು. ಎರಡು ಜೈನರ ಮನೆ, ಮೂರು ನೀಲವ್ವನ ಬೀಗರ ಪೈಕಿ. ಉಳಿದವರು ನನ್ನನ್ನು ನೋಡಿ ಒಳಗೆ ಸರಿದರು. ಬಸ್ಸು ಹಿಡಿದು ಖಾನಾಪುರಕ್ಕೆ ಬಂದೆವು. ಸುಶೀಲಾಬಾಯಿಯ ಬಾಗಿಲು ತೆರೆದೇ ಇತ್ತು. ಆಕೆ ಹೊಸ್ತಿಲಲ್ಲಿ ನಿಂತು ನೀಲವ್ವನಿಗೆ ನಮಸ್ಕಾರ ಮಾಡಿದರು, ಗಡಿಗೆ ತರಲಿಲ್ಲ.

ನಾನು ಕೈ ಮುಗಿದು, "ತಪ್ಪು ನನ್ನದು. ಮೊದಲಿನ ಹಾಗೆ ಹಾಕಿ, ಯಾರೂ ಏನೂ ಅನ್ನುವುದಿಲ್ಲ" ಎಂದೆ.

ಸುಶೀಲಾಬಾಯಿ ನನಗಲ್ಲ, ನೀಲವ್ವನಿಗೆ ಹೇಳಿದರು. "ಮೂರ ತಿಂಗಳ ನನ್ನ ಹೆಸರ ಗ್ವಾಡಿ ಮ್ಯಾಲ ಇತ್ರೀ ಅಕ್ಕಾ. ತಗೊಂಡಾಕಿ ಅಂತ ಊರೆಲ್ಲಾ ಓದ್ಯಾರ. ಕೊಟ್ಟಾಕಿ ಅಂತ ಒಬ್ಬರರ ಬರದ್ರೇನು? ಕೊಟ್ಟಿದ್ದಕ್ಕ ಕಳವು ಅಂದ್ರು. ಈಗ ಅವರ ಮುಂದ ನಾ ಹೆಂಗ ಹಾಕಲಿ?"

ನೀಲವ್ವ ಗಡಿಗೆಯನ್ನು ಸೊಂಟಕ್ಕೆ ಏರಿಸಿಕೊಂಡರು. ಆಮೇಲೆ ನನ್ನನ್ನು ಓಣಿಯ ತುದಿಯ ತನಕ ಕರೆದುಕೊಂಡು ಬಂದು, ಹಿರಿಯಕ್ಕ ತಂಗಿಗೆ ಹೇಳುವ ದನಿಯಲ್ಲಿ ಹೇಳಿದರು.

"ಬಾಯಾರ, ನಿಮ್ಮ ಮನಸ ಚಲೋ ಐತಿ, ನನಗ ಗೊತ್ತೈತಿ. ಆದ್ರ ಮುಂದಿನ ಓಣಿಗೆ ನೀವು ಬರಬ್ಯಾಡ್ರಿ. ನೀವು ಇಲ್ದಿದ್ರ ಇನ್ನೊಂದ್ ನಾಕ ಮನಿಯವರು ಹಾಕ್ಯಾರು."

ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲಿನ ಬೆಂಚಿನ ಮೇಲೆ ಕೂತೆ. ಬೆಳಗಾವಿಯ ಬಸ್ಸು ಬಂತು, ಹತ್ತಲಿಲ್ಲ. ಎರಡನೆಯದೂ ಬಂತು. ನೀಲವ್ವ ಈ ಕಡೆ ಬಂದರೆ ಗಡಿಗೆ ಎಷ್ಟು ತುಂಬಿತೆಂದು ಕೇಳಬೇಕೆಂದಿತ್ತು. ಅವರು ಬರಲಿಲ್ಲ. ಮೂರನೇ ಬಸ್ಸು ಹತ್ತಿದೆ. ಒಳಗೆ ಜನ ಕನ್ನಡ ಮರಾಠಿ ಕಲಸಿ ಜೋರಾಗಿ ಹರಟುತ್ತಿದ್ದರು, ಮೊದಲಿನ ಹಾಗೆ. ಸುಮ್ಮನೆ ಕೂತವಳು ನಾನೊಬ್ಬಳೇ.

ಅದೇ ವಾರದ ಗುರುವಾರ ಮುಂಬಯಿಯಿಂದ ಪತ್ರ ಬಂತು. ಡೈವರ್ಷನ್ ಅನ್ನು ಸಕಾಲಕ್ಕೆ ಪತ್ತೆಹಚ್ಚಿ ತಡೆದದ್ದಕ್ಕೆ ಮೆಚ್ಚುಗೆ, ಜೊತೆಗೆ ಬಡ್ತಿ. ಕೋಣೆಯಲ್ಲಿ ಕೂತು ಎರಡು ಸಲ ಓದಿದೆ. ಹೇಳಿಕೊಳ್ಳಲು ಆ ಊರಿನಲ್ಲಿ ನನಗೆ ಒಬ್ಬರೇ ಇದ್ದರು, ಅವರಿಗೆ ಹೇಳುವ ಮುಖ ಇರಲಿಲ್ಲ. ಬಡ್ತಿಯನ್ನು ಬೇಡವೆನ್ನುವ ಧೈರ್ಯವೂ ಇರಲಿಲ್ಲ. ಒಪ್ಪಿಕೊಂಡು ಹೊರಟುಹೋದೆ.

ಆಮೇಲೆ ಗಲಭೆ ಕಂಡ ಎಷ್ಟೋ ಊರುಗಳಲ್ಲಿ ದುಡಿದೆ. ಎಲ್ಲಿ ಹೋದರೂ ನಿಮಗೇನು ಬೇಕೆಂದು ಕೇಳುವ ಮೊದಲು, ಕಷ್ಟ ಬಂದಾಗ ನೀವು ಒಬ್ಬರಿಗೊಬ್ಬರು ಏನು ಮಾಡುತ್ತೀರಿ ಎಂದು ಕೇಳುವುದನ್ನು ರೂಢಿಸಿಕೊಂಡೆ. ಕೇಳಿ, ಪೂರ್ತಿ ತಿಳಿಯುವ ತನಕ ಪೆನ್ನು ತೆಗೆಯುತ್ತಿರಲಿಲ್ಲ. ಹೊರಗಿನಿಂದ ಕೊಡಲು ಬಂದವರಿಗೆ ಊರಿನವರು ಬರೀ ಕೈಚಾಚಿದವರಾಗಿ ಕಾಣುತ್ತಾರೆ. ಅವರ ಇನ್ನೊಂದು ಕೈ ಆಗಲೇ ಏನನ್ನೋ ಕೊಡುತ್ತಿರುತ್ತದೆ. ಆ ಕೈಯನ್ನು ಹಿಡಿದು ನಿಲ್ಲಿಸಿಬಿಟ್ಟರೆ ನಾವು ಎಷ್ಟು ಚೀಲ ಇಳಿಸಿದರೂ ಊರು ಮೊದಲಿಗಿಂತ ಬಡವಾಗುತ್ತದೆ. ಕಿರಿಯ ಸಹೋದ್ಯೋಗಿಗಳಿಗೆ ಇದನ್ನು ಹೇಳುತ್ತಿದ್ದೆ. ನಾನು ಕಲಿತದ್ದು ಯಾರ ಖರ್ಚಿನಲ್ಲಿ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಪಾರಿಶ್ವಾಡಕ್ಕೆ ನಾನು ಮತ್ತೆ ಹೋಗಲಿಲ್ಲ. ಹೋಗದಿರುವುದೇ ನಾನು ಅವರಿಗೆ ಮಾಡಬಹುದಾದ ಸಹಾಯ ಎಂದುಕೊಂಡೆ. ಅದು ಸಹಾಯವೋ ಹೇಡಿತನವೋ ಇವತ್ತಿಗೂ ಗೊತ್ತಿಲ್ಲ. ಮೆಚ್ಚುಗೆಯ ಆ ಪತ್ರ ನನ್ನ ಸೇವಾ ದಾಖಲೆಯಲ್ಲಿ ಇದೆ. ನೀಲವ್ವನ ಸಂಘಕ್ಕೆ ಹೆಸರಿರಲಿಲ್ಲವಾದ್ದರಿಂದ ಅದು ಇತ್ತೆಂದಾಗಲಿ, ನನ್ನ ಎರಡು ಪುಟಗಳಿಂದ ಮುರಿಯಿತೆಂದಾಗಲಿ ಯಾವ ದಾಖಲೆಯಲ್ಲೂ ಇಲ್ಲ. ಇದೊಂದರಲ್ಲಾದರೂ ಇರಲಿ ಎಂದು ಬರೆದಿದ್ದೇನೆ.